ಮಳೆಗಾಲದ ದಾಸ್ತಾನಿಗೆ ಆಟಗಳು: ಗಾಗ್ ಮಳಿಗೆಯಲ್ಲಿ ಏಳು ವರ್ಷಗಳ ಖರೀದಿ

ಸಾಗರದಿಂದ ಸುಮಾರು ಹದಿನೆಂಟು ಕಿಲೋಮೀಟರ್ ಒಳಗಿರುವ ನಮ್ಮ ಊರಿನಲ್ಲಿ ಮೇ ತಿಂಗಳು ಬಂತೆಂದರೆ ಎಲ್ಲ ಮನೆಗಳಲ್ಲೂ ಮಳೆಗಾಲದ ತಯಾರಿ ನಡೆಯುತ್ತದೆ. ಒಣಗಿದ ಕಟ್ಟಿಗೆ ಕೊಟ್ಟಿಗೆಯ ಪಕ್ಕದ ಮಾಡಿನಡಿ ಸೇರುತ್ತದೆ; ಹಲಸಿನ ಹಪ್ಪಳ ಡಬ್ಬಿಗೂ ಅಪ್ಪೆಮಿಡಿ ಭರಣಿಗೂ ಹೋಗುತ್ತವೆ. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಮರ ಬಿದ್ದು ಕರೆಂಟು ಹೋಗುವುದು, ಅದರೊಂದಿಗೆ ಫೈಬರ್ ತಂತಿಯೂ ಹರಿದು ನಾಲ್ಕೈದು ದಿನ ಇಂಟರ್ನೆಟ್ ಇಲ್ಲದಿರುವುದು ನಮಗೆ ಹೊಸದಲ್ಲ. ಈ ದಾಸ್ತಾನಿನ ಪಟ್ಟಿಗೆ ನಾನು 2019ರಿಂದ ಇನ್ನೊಂದು ವಸ್ತುವನ್ನು ಸೇರಿಸಿಕೊಂಡಿದ್ದೇನೆ: ಎರಡು ಟಿಬಿಯ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಅದರಲ್ಲಿ ಗಾಗ್ ಎಂಬ ಆನ್‌ಲೈನ್ ಮಳಿಗೆಯಿಂದ ಕೊಂಡು ಇಳಿಸಿಕೊಂಡ ಕಂಪ್ಯೂಟರ್ ಆಟಗಳು. ಇದುವರೆಗೆ ನಲವತ್ತಮೂರು ಆಟಗಳನ್ನು ಅಲ್ಲಿ ಕೊಂಡಿದ್ದೇನೆ. ಅಷ್ಟು ಕೊಂಡ ಮೇಲೆ ಆ ಮಳಿಗೆಯ ಗುಣವನ್ನೂ ದೋಷವನ್ನೂ ಹೇಳುವ ಹಕ್ಕು ನನಗಿದೆ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಹೋದದ್ದು ಬೇರೊಂದು ಕಡೆ ಏಟು ತಿಂದ ಮೇಲೆ. 2017ರ ದೀಪಾವಳಿಗೆ ಇನ್ನೊಂದು ಆನ್‌ಲೈನ್ ಮಳಿಗೆಯಲ್ಲಿ ಸುಮಾರು ಮೂರು ಸಾವಿರ ರೂಪಾಯಿ ಕೊಟ್ಟು ಒಂದು ಕಾರ್ ರೇಸಿನ ಆಟ ಕೊಂಡಿದ್ದೆ. ಮರುವರ್ಷದ ಮಳೆಗಾಲದಲ್ಲಿ ಒಂಬತ್ತು ದಿನ ಸಂಪರ್ಕವಿಲ್ಲದೆ ಕುಳಿತಾಗ ಆ ಆಟ ತೆರೆಯಲೇ ಇಲ್ಲ. ಇಂಟರ್ನೆಟ್‌ಗೆ ಜೋಡಿಸಿಕೊಂಡು ಖಾತೆಯನ್ನು ದೃಢಪಡಿಸಬೇಕೆಂದು ಕೇಳುತ್ತಲೇ ಇತ್ತು. ಸಂಪರ್ಕ ಮರಳಿದ ಮೇಲೆ ನೋಡಿದರೆ ಖಾತೆಗೆ ಕೊಟ್ಟಿದ್ದ ಹಳೆಯ ಮೊಬೈಲ್ ನಂಬರ್ ನನ್ನ ಬಳಿ ಉಳಿದಿರಲಿಲ್ಲ, ಆ ಕಾರಣಕ್ಕೆ ಖಾತೆಗೇ ಬೀಗ ಬಿದ್ದಿತ್ತು. ಐದು ವಾರಗಳ ಪತ್ರವ್ಯವಹಾರದಲ್ಲಿ ಪ್ರತಿ ಸಲವೂ ಅದೇ ಅಚ್ಚು ಹಾಕಿದ ಉತ್ತರ ಬಂತು. ಹಣ ಕೊಟ್ಟ ರಸೀದಿ ನನ್ನ ಬಳಿಯಿತ್ತು, ಆಟ ನನ್ನದೇ ಕಂಪ್ಯೂಟರಿನಲ್ಲಿತ್ತು, ಅದನ್ನು ತೆರೆಯುವ ಅಪ್ಪಣೆ ಮಾತ್ರ ಯಾವುದೋ ದೇಶದ ಯಾವುದೋ ಕಚೇರಿಯಲ್ಲಿತ್ತು. ಕೊಂಡ ವಸ್ತುವಿಗೆ ಹೀಗೂ ಆಗಬಹುದು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

ಗಾಗ್ ಪೋಲೆಂಡಿನ ಮಳಿಗೆ. ಸಿಡಿ ಪ್ರಾಜೆಕ್ಟ್ ಕಂಪನಿ 2008ರಲ್ಲಿ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಹೆಸರಿನಲ್ಲಿ ಇದನ್ನು ತೆರೆಯಿತು. ಆಗ ಅಲ್ಲಿ ಸಿಗುತ್ತಿದ್ದದ್ದು ಹಳೆಯ ಆಟಗಳು ಮಾತ್ರ. 2012ರಲ್ಲಿ ಹೊಸ ಆಟಗಳನ್ನೂ ಮಾರತೊಡಗಿದಾಗ ಹೆಸರು ಗಾಗ್ ಎಂದು ಮೊಟಕಾಯಿತು. ಮೊದಲ ದಿನದಿಂದ ಇಂದಿನವರೆಗೆ ಅದು ಹಿಡಿದಿರುವ ಒಂದು ನಿಯಮವೆಂದರೆ, ಅಲ್ಲಿ ಮಾರುವ ಆಟಕ್ಕೆ ಡಿಆರ್‌ಎಂ, ಅಂದರೆ ಕೊಂಡವನೇ ಆಡುತ್ತಿದ್ದಾನೆಯೇ ಎಂದು ಮತ್ತೆ ಮತ್ತೆ ವಿಚಾರಿಸುವ ಬೀಗ ಇರುವುದಿಲ್ಲ. ಆಟವನ್ನು ಇನ್‌ಸ್ಟಾಲ್ ಮಾಡುವ ಪೂರ್ತಿ ಫೈಲನ್ನೇ ಕೊಂಡವರ ಕೈಗೆ ಕೊಟ್ಟುಬಿಡುತ್ತಾರೆ.

ಕೊಳ್ಳುವ ಕ್ರಮ ಹೀಗಿದೆ. ಖಾತೆ ತೆರೆದು ಹಣ ಕಟ್ಟಿದ ಕೂಡಲೇ ಆಟ ನಮ್ಮ ಕಪಾಟಿಗೆ, ಅಂದರೆ ಕೊಂಡ ಆಟಗಳನ್ನು ತೋರಿಸುವ ಖಾತೆಯ ಪುಟಕ್ಕೆ ಬರುತ್ತದೆ. ಅಲ್ಲಿ ಗ್ಯಾಲಕ್ಸಿ ಎಂಬ ಅವರದೇ ತಂತ್ರಾಂಶದ ಮೂಲಕ ಇಳಿಸಿಕೊಳ್ಳುವ ದಾರಿಯೂ ಇದೆ, ಅದರ ಕೆಳಗೇ ಆಫ್‌ಲೈನ್ ಇನ್‌ಸ್ಟಾಲರ್ ಎಂಬ ಇನ್ನೊಂದು ದಾರಿಯೂ ಇದೆ. ನನಗೆ ಬೇಕಾದದ್ದು ಎರಡನೆಯದು. ಸಣ್ಣ ಆಟವಾದರೆ ಒಂದೇ ಫೈಲು; ದೊಡ್ಡದಾದರೆ ‘ಸೆಟಪ್’ ಎಂಬ ಹೆಸರಿನ ಒಂದು ಚಿಕ್ಕ ಫೈಲಿನ ಜೊತೆ ಸುಮಾರು ನಾಲ್ಕು ನಾಲ್ಕು ಜಿಬಿಯ ತುಂಡುಗಳಾಗಿ ಉಳಿದವು ಬರುತ್ತವೆ. ಅವುಗಳಲ್ಲಿ ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ಪೂರ್ತಿಯಾಗುವುದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು. ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿಕೊಂಡರೆ ಕೆಲಸ ಮುಗಿಯಿತು. ಅನೇಕ ಆಟಗಳ ಜೊತೆ ಕೈಪಿಡಿ, ನಕಾಶೆ, ಹಿನ್ನೆಲೆ ಸಂಗೀತ ಇವುಗಳನ್ನೂ ಬೇರೆ ಫೈಲುಗಳಾಗಿ ಕೊಡುತ್ತಾರೆ. ಹಳೆಯ ಕಾಲದಲ್ಲಿ ಪೆಟ್ಟಿಗೆಯೊಳಗೆ ಬರುತ್ತಿದ್ದ ದಪ್ಪ ಕೈಪಿಡಿಯನ್ನು ಓದದೆ ಕೆಲವು ಆಟಗಳು ಅರ್ಥವೇ ಆಗುವುದಿಲ್ಲ, ಆದ್ದರಿಂದ ಇದನ್ನು ನಾನು ಸಣ್ಣ ಉಪಕಾರವೆಂದು ಎಣಿಸುವುದಿಲ್ಲ.

ಊರಿನ ಸಂಪರ್ಕದಲ್ಲಿ ಐವತ್ತು ಜಿಬಿಯ ಆಟ ಇಳಿಸುವುದು ಕಷ್ಟ. ಆದ್ದರಿಂದ ಪ್ರತಿವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಅಕ್ಕನ ಮನೆಗೆ ಹೋದಾಗ ಹಾರ್ಡ್ ಡಿಸ್ಕ್ ಒಯ್ಯುತ್ತೇನೆ. ರಾತ್ರಿ ಮಲಗುವ ಮುಂಚೆ ಹಚ್ಚಿಟ್ಟರೆ ಬೆಳಗ್ಗೆ ಕಾಫಿಯ ಹೊತ್ತಿಗೆ ಎಲ್ಲ ಇಳಿದಿರುತ್ತದೆ. ಬಸ್ಸಿನಲ್ಲಿ ಸಾಗರಕ್ಕೆ ಮರಳುವಾಗ ಚೀಲದಲ್ಲಿ ಅದೊಂದು ಇರುತ್ತದೆ.

ಗಾಗ್ ಹೇಳಿಕೊಳ್ಳುವುದು ನಿಜವೇ ಎಂದು ಪರೀಕ್ಷಿಸಲು ಮಳೆಗಾಲಕ್ಕಿಂತ ಒಳ್ಳೆಯ ಸಮಯ ಬೇಕಿಲ್ಲ. 2019ರ ಆಗಸ್ಟ್ ಮೊದಲ ವಾರದಲ್ಲಿ, ಮಲೆನಾಡಿಗೆ ಮಲೆನಾಡೇ ನೀರಿನಲ್ಲಿ ನೆನೆಯುತ್ತಿದ್ದಾಗ, ಅಣ್ಣನ ಮಕ್ಕಳಿಬ್ಬರು ರಜೆ ಸಿಕ್ಕು ಮನೆಯಲ್ಲಿದ್ದರು. ಮೊಬೈಲ್ ಟವರ್ ಸತ್ತಿತ್ತು, ಫೈಬರ್ ಇರಲಿಲ್ಲ, ಸೋಲಾರ್ ಇನ್ವರ್ಟರಿನಲ್ಲಿ ದಿನಕ್ಕೆ ಮೂರು ಗಂಟೆ ಲ್ಯಾಪ್‌ಟಾಪ್ ನಡೆಸುವಷ್ಟು ಕರೆಂಟು ಮಾತ್ರ. 2013ರಲ್ಲಿ ಕೊಂಡ, ಅಲ್ಲಿಯವರೆಗೆ ಒಂದು ಆಟವನ್ನೂ ಕಾಣದ ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಜೋಡಿಸಿ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಆಟದ ಸೆಟಪ್ ಒತ್ತಿದೆ. ‘ಚಿಕ್ಕಪ್ಪ, ನೆಟ್ ಇಲ್ದೆ ಓಪನ್ ಆಗತ್ತಾ?’ ಎಂದು ದೊಡ್ಡವಳು ಕೇಳಿದಳು. ಪಾಸ್‌ವರ್ಡ್ ಕೇಳಲಿಲ್ಲ, ಸೀರಿಯಲ್ ನಂಬರ್ ಕೇಳಲಿಲ್ಲ, ಯಾವ ಸರ್ವರನ್ನೂ ಹುಡುಕಲಿಲ್ಲ. ಮೂರ್ನಾಲ್ಕು ನಿಮಿಷದಲ್ಲಿ ಆಟ ತೆರೆದುಕೊಂಡಿತು.

ಆ ಆಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಗಾಗ್‌ನಲ್ಲಿ ಕೊಳ್ಳುವ ಅರ್ಥ ಅದರಲ್ಲಿ ಚೆನ್ನಾಗಿ ಕಾಣುತ್ತದೆ. 1999ರಲ್ಲಿ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಮಾಡಿದ ಆಟವಿದು. ಕೋಟೆ ಕಟ್ಟಿ, ಸೈನ್ಯ ಕೂಡಿಸಿ, ಸರದಿಯ ಪ್ರಕಾರ ದಂಡೆತ್ತಿ ಹೋಗುವುದು. ಇದರಲ್ಲಿ ‘ಹಾಟ್ ಸೀಟ್’ ಎಂಬ ಏರ್ಪಾಡಿದೆ: ಒಂದೇ ಕಂಪ್ಯೂಟರಿನ ಮುಂದೆ ಹಲವರು ಸರದಿಯಂತೆ ಕುಳಿತು ತಮ್ಮ ತಮ್ಮ ನಡೆ ನಡೆಸಬಹುದು. ಚನ್ನೆಮಣೆಯನ್ನೋ ಪಗಡೆಯನ್ನೋ ಆಡಿದ ಹಾಗೆ, ಒಬ್ಬರು ಆಡುವಾಗ ಉಳಿದವರು ಮುಖ ತಿರುಗಿಸಿಕೊಂಡು ಕೂರಬೇಕು, ಕಳ್ಳನೋಟಕ್ಕೆ ಜಗಳವಾಗಬೇಕು. ಆ ಐದು ದಿನ ಮಕ್ಕಳಿಬ್ಬರು, ಅಣ್ಣ, ನಾನು ನಾಲ್ವರೂ ಆಡಿದೆವು. ಇದೇ ಆಟದ ಬಣ್ಣ ಹಚ್ಚಿದ ಹೊಸ ಆವೃತ್ತಿಯನ್ನು ಯೂಬಿಸಾಫ್ಟ್ ಎಂಬ ಪ್ರಕಾಶನ ಕಂಪನಿ 2015ರಲ್ಲಿ ಬೇರೆಡೆ ಬಿಡುಗಡೆ ಮಾಡಿತು. ಅದರಲ್ಲಿ ಚಿತ್ರಗಳು ಚೊಕ್ಕವಾಗಿದ್ದರೂ ಮೂಲ ಆಟಕ್ಕೆ ಆಮೇಲೆ ಸೇರಿಸಿದ ಎರಡು ವಿಸ್ತರಣೆಗಳು, ಅಂದರೆ ಹೆಚ್ಚುವರಿ ಭಾಗಗಳು, ಇಲ್ಲ. ಗಾಗ್‌ನಲ್ಲಿರುವ ‘ಕಂಪ್ಲೀಟ್’ ಆವೃತ್ತಿಯಲ್ಲಿ ಅವೆರಡೂ ಇವೆ. ಪೂರ್ಣ ಬೆಲೆ 9.99 ಡಾಲರ್, ರಿಯಾಯಿತಿಯ ದಿನ ಕಾದು ನಾನು 2.49 ಡಾಲರಿಗೆ ಕೊಂಡೆ. ಮೊದಲ ಸಲ ಬರುವವರಿಗೆ ನಾನು ಹೇಳುವ ಆಟವೂ ಇದೇ.

ಇಷ್ಟಾದರೂ ಗಾಗ್‌ನಲ್ಲಿ ಕೊಂಡ ಆಟ ಕಾನೂನಿನ ಪ್ರಕಾರ ಪೂರ್ತಿ ನನ್ನ ಸೊತ್ತು ಎಂದು ಹೇಳಿದರೆ ಓದುಗರಿಗೆ ತಪ್ಪು ಹೇಳಿದಂತಾಗುತ್ತದೆ. ಅವರ ಒಪ್ಪಂದವನ್ನು ಓದಿದರೆ ಅಲ್ಲಿಯೂ ಇರುವುದು ‘ಪರವಾನಗಿ’ ಎಂಬ ಮಾತೇ. ವೈಯಕ್ತಿಕ ಬಳಕೆಗೆ ಮಾತ್ರ ಅನುಮತಿ. ಆಡಿ ಮುಗಿಸಿದ ಆಟವನ್ನು ಹಳೆ ಪುಸ್ತಕದಂತೆ ಇನ್ನೊಬ್ಬರಿಗೆ ಮಾರುವಂತಿಲ್ಲ, ಪ್ರತಿ ಮಾಡಿ ಹಂಚುವಂತಿಲ್ಲ. ಈ ವಿಷಯದಲ್ಲಿ ಪ್ಲೇಸ್ಟೇಷನ್ ಎಂಬ ಆಟದ ಯಂತ್ರದ ಡಿಸ್ಕ್ ಕೊಂಡವರು ನಮಗಿಂತ ಮೇಲು, ಅವರು ಆಡಿ ಮುಗಿದ ಡಿಸ್ಕನ್ನು ಅಂಗಡಿಗೆ ಕೊಟ್ಟು ಅರ್ಧ ಹಣವನ್ನಾದರೂ ವಾಪಸು ಪಡೆಯುತ್ತಾರೆ. ಗಾಗ್‌ನ ವ್ಯತ್ಯಾಸ ಒಪ್ಪಂದದ ಕಾಗದದಲ್ಲಿಲ್ಲ. ಪರವಾನಗಿ ಕೊಟ್ಟವರು ನಾಳೆ ಮನಸ್ಸು ಬದಲಿಸಿದರೂ ನನ್ನ ಅಟ್ಟದ ಮೇಲಿರುವ ಡಿಸ್ಕಿಗೆ ಅವರ ಕೈ ನಿಲುಕುವುದಿಲ್ಲ ಎಂಬ ಕೇವಲ ಭೌತಿಕ ಸಂಗತಿಯಲ್ಲಿದೆ.

ಕೈ ನಿಲುಕುವ ಕಡೆ ಏನಾಗುತ್ತದೆ ಎಂಬುದಕ್ಕೆ ‘ದಿ ಕ್ರೂ’ ಸಾಕ್ಷಿ. ಯೂಬಿಸಾಫ್ಟ್ 2014ರಲ್ಲಿ ಮಾರಿದ ಈ ಕಾರ್ ಆಟದಲ್ಲಿ ಒಬ್ಬರೇ ಕುಳಿತು ಆಡಬಹುದಾದ ಕಥಾಭಾಗಕ್ಕೂ ಸರ್ವರಿನ ಸಂಪರ್ಕ ಬೇಕಿತ್ತು. 2024ರ ಮಾರ್ಚ್ 31ರಂದು ಸರ್ವರ್ ನಿಲ್ಲಿಸಿದರು. ಹಣ ಕೊಟ್ಟು ಡಿಸ್ಕ್ ಕೊಂಡವರ ಮನೆಯಲ್ಲೂ ಆಟ ಸತ್ತಿತು, ಅದರ ಬೆನ್ನಿಗೇ ಆಟಗಾರರ ಖಾತೆಗಳಿಂದ ಪರವಾನಗಿಯನ್ನೂ ಹಿಂತೆಗೆದುಕೊಂಡರು. ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಚಳವಳಿ ಆರಂಭಿಸಿದ್ದು ಇದೇ ಕಾರಣಕ್ಕೆ. ಯುರೋಪಿಯನ್ ಒಕ್ಕೂಟದಲ್ಲಿ ಅದರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿಗಳು ದಾಟಿದವು. ಡಿಸ್ಕ್ ಕೈಯಲ್ಲಿದ್ದ ಮಾತ್ರಕ್ಕೆ ಆಟ ಉಳಿಯುವುದಿಲ್ಲ, ಅದು ಹೊರಗಿನವರನ್ನು ಕೇಳದೆ ನಡೆಯುವಂತಿರಬೇಕು ಎಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು. ನನ್ನ ಮಟ್ಟಿಗೆ ಆಟದ ಮಳಿಗೆಯೊಂದನ್ನು ಅಳೆಯುವ ಮೊದಲ ಗಜಕಡ್ಡಿಯೂ ಅದೇ.

ವಸ್ತುವನ್ನೇ ಕೊಳ್ಳುವುದಕ್ಕೂ ಬರೀ ಪರವಾನಗಿ ಪಡೆಯುವುದಕ್ಕೂ ಇರುವ ಭೇದವನ್ನು ಕಾನೂನಿನ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದದ್ದು ಕ್ಯಾಲಿಫೋರ್ನಿಯಾ. 2025ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾಯ್ದೆಯ ಪ್ರಕಾರ, ಡಿಜಿಟಲ್ ವಸ್ತುವನ್ನು ಮಾರುವವರು ತಾವು ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಗ್ರಾಹಕರಿಗೆ ಎದ್ದು ಕಾಣುವಂತೆ ತಿಳಿಸದೆ ‘ಕೊಳ್ಳಿ’ ಎಂಬ ಪದ ಬಳಸುವಂತಿಲ್ಲ. ಆದರೆ ಆ ಕಾಯ್ದೆಯಲ್ಲೇ ಒಂದು ವಿನಾಯಿತಿ ಇದೆ: ಇಂಟರ್ನೆಟ್ ಇಲ್ಲದೆ ಬಳಸಬಹುದಾದ ವಸ್ತುವನ್ನು ಗ್ರಾಹಕರು ಕಾಯಂ ಆಗಿ ತಮ್ಮ ಹೊರ ಡಿಸ್ಕಿಗೆ ಇಳಿಸಿಕೊಳ್ಳಬಹುದಾದರೆ, ಮಾರಿದವರು ಅದನ್ನು ಮರಳಿ ಕಸಿಯಲು ಆಗದಿದ್ದರೆ, ಈ ನಿರ್ಬಂಧ ಅನ್ವಯಿಸುವುದಿಲ್ಲ. ಗಾಗ್ ಹದಿನಾರು ವರ್ಷಗಳಿಂದ ಮಾಡಿಕೊಂಡು ಬಂದದ್ದು ಇದನ್ನೇ. ಅದೇ ಹೊತ್ತಿನಲ್ಲಿ ಸ್ಟೀಮ್ ಎಂಬ ಇನ್ನೊಂದು ದೊಡ್ಡ ಆನ್‌ಲೈನ್ ಆಟದ ಮಳಿಗೆ ತನ್ನ ಹಣ ಪಾವತಿಯ ಪುಟದಲ್ಲಿ, ಇಲ್ಲಿನ ಖರೀದಿಯಿಂದ ನಿಮಗೆ ಸಿಗುವುದು ಪರವಾನಗಿ ಎಂಬ ಸೂಚನೆಯನ್ನು ಸೇರಿಸಿತು. ಕಹಿಯಾದರೂ ಪ್ರಾಮಾಣಿಕವಾದ ಸೂಚನೆ ಅದು, ಮೊದಲೇ ಇರಬೇಕಿತ್ತು.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಂ ಕೂಡ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. ಕಂಪ್ಯೂಟರ್ ತಂತ್ರಾಂಶದ ಪ್ರತಿಯೊಂದನ್ನು ನ್ಯಾಯವಾಗಿ ಹೊಂದಿರುವವರು, ಅದು ಕಳೆದುಹೋದರೆ ಅಥವಾ ಕೆಟ್ಟರೆ ಎಂಬ ಮುನ್ನೆಚ್ಚರಿಕೆಗಾಗಿ ಬ್ಯಾಕಪ್ ಪ್ರತಿ ಮಾಡಿಟ್ಟುಕೊಳ್ಳುವುದು ಅಪರಾಧವಲ್ಲ ಎಂದು ಅದು ಹೇಳುತ್ತದೆ. ಸರ್ವರಿಗೆ ಕಟ್ಟಿಹಾಕಿದ ಆಟಕ್ಕೆ ಕಾನೂನು ಕೊಟ್ಟ ಈ ಅವಕಾಶದಿಂದ ಏನೂ ಪ್ರಯೋಜನವಿಲ್ಲ, ಏಕೆಂದರೆ ಪ್ರತಿ ಮಾಡಿಟ್ಟರೂ ಅದು ತೆರೆಯುವುದಿಲ್ಲ. ಗಾಗ್‌ನ ಫೈಲಿಗೆ ಮಾತ್ರ ಅದು ನಿಜವಾಗಿ ದಕ್ಕುತ್ತದೆ. ನಾನು ಎರಡು ಡಿಸ್ಕುಗಳಲ್ಲಿ ಪ್ರತಿ ಇಟ್ಟಿದ್ದೇನೆ, ಒಂದು ಊರಿನಲ್ಲಿ, ಇನ್ನೊಂದು ಅಕ್ಕನ ಮನೆಯ ಗೋದ್ರೆಜ್ ಬೀರುವಿನಲ್ಲಿ. ಮಲೆನಾಡಿನ ತೇವಕ್ಕೆ ಡಿಸ್ಕ್ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಇದು ಅತಿಯೆನಿಸಲಾರದು.

ಈ ನಿಲುವು ಪೋಲೆಂಡಿನಲ್ಲಿ ಹುಟ್ಟಿದ್ದಕ್ಕೆ ಕಾರಣವಿದೆ, ಅದು ನಮ್ಮವರಿಗೆ ಬೇಗ ಅರ್ಥವಾಗುವಂಥದ್ದು. ಮಾರ್ಚಿನ್ ಇವಿನ್ಸ್ಕಿ ಮತ್ತು ಮಿಹಾವ್ ಕಿಚಿನ್ಸ್ಕಿ ಎಂಬ ಇಬ್ಬರು ಶಾಲಾ ಗೆಳೆಯರು 1994ರಲ್ಲಿ ವಾರ್ಸಾದಲ್ಲಿ ಸಿಡಿ ಪ್ರಾಜೆಕ್ಟ್ ಕಟ್ಟಿದಾಗ ಅಲ್ಲಿ ನಕಲಿ ಆಟಗಳದ್ದೇ ರಾಜ್ಯ; ವಾರಾಂತ್ಯದ ಕಂಪ್ಯೂಟರ್ ಸಂತೆಯಲ್ಲಿ ಯಾವ ಆಟ ಬೇಕಾದರೂ ಚಿಲ್ಲರೆ ಕಾಸಿಗೆ ಸಿಗುತ್ತಿತ್ತು. ಅದರ ಎದುರು ಅಸಲಿಯನ್ನು ಮಾರುವುದು ಹೇಗೆ? ‘ಬಾಲ್ಡರ್ಸ್ ಗೇಟ್’ ಆಟವನ್ನು 1999ರಲ್ಲಿ ಪೋಲಿಷ್ ಭಾಷೆಗೆ ತಂದು, ಹೆಸರಾಂತ ನಟರಿಂದ ದನಿ ಕೊಡಿಸಿ, ನಕಾಶೆ, ಕೈಪಿಡಿಗಳನ್ನು ತುಂಬಿದ ತೂಕದ ಪೆಟ್ಟಿಗೆಯಾಗಿ ಅವರು ಮಾರಿದರು. ನಕಲಿಯಲ್ಲಿ ಸಿಗದ ಒಂದು ಸುಖವನ್ನು ಅಸಲಿಯಲ್ಲಿ ಕೊಟ್ಟರೆ ಜನ ಹಣ ಕೊಡುತ್ತಾರೆ ಎಂಬ ಪಾಠವನ್ನು ಅವರು ಕಲಿತದ್ದು ಅಲ್ಲಿ. ಬೀಗ ಹಾಕಿದ ಅಸಲಿ, ಬೀಗ ಒಡೆದ ನಕಲಿ ಎರಡೂ ಎದುರಿಗಿದ್ದಾಗ ಹಣ ಕೊಟ್ಟವನೇ ಹೆಚ್ಚು ತೊಂದರೆ ಪಡುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು.

ನಾನು 2004ರ ಸುಮಾರಿಗೆ ಬೆಂಗಳೂರಿನಲ್ಲಿ ಓದುತ್ತಿದ್ದಾಗ ಮೆಜೆಸ್ಟಿಕ್ ಸುತ್ತಿನ ಓಣಿಗಳಲ್ಲಿ ಪ್ಲಾಸ್ಟಿಕ್ ಕವರಿನ ಸಿಡಿಗಳು ಐವತ್ತು ರೂಪಾಯಿಗೆ ಸಿಗುತ್ತಿದ್ದವು, ನಾನೂ ಕೊಂಡಿದ್ದೇನೆ. ಮನೆಗೆ ಒಯ್ದರೆ ಮೂರರಲ್ಲಿ ಒಂದು ನಡೆಯುತ್ತಿರಲಿಲ್ಲ. ಆಗ ವಿದ್ಯಾರ್ಥಿಯ ಕೈಗೆ ನಿಲುಕುವ ಬೆಲೆಗೆ ನ್ಯಾಯವಾದ ದಾರಿ ನಮಗೆ ಕಂಡದ್ದು ‘ಡಿಜಿಟ್’ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಯ ಡೆಮೊ ಆಟಗಳಲ್ಲಿ ಮಾತ್ರ. ಆ ಓಣಿಯಲ್ಲಿ ಹಣ ಕೊಡದೆ ಆಡಿದ ಆಟಗಳಲ್ಲಿ ಏಳನ್ನು ನಾನು ಗಾಗ್‌ನಲ್ಲಿ ಈಗ ಹಣ ಕೊಟ್ಟು ಕೊಂಡಿದ್ದೇನೆ. ಮಾಡಿದವರ ಹಣ ತಡವಾಗಿಯಾದರೂ ಸಲ್ಲಬೇಕೆಂಬುದು ನನ್ನ ಇಚ್ಛೆಯಾಗಿತ್ತು.

ಹಳೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡುವ ಕೆಲಸದಲ್ಲಿ ಗಾಗ್ ತೋರುವ ಶ್ರದ್ಧೆ ನಿಜವಾದದ್ದು. ವಿಂಡೋಸ್‌ಗಿಂತ ಹಿಂದಿನ ಡಾಸ್ ಕಾಲದ ಆಟಗಳನ್ನು ಡಾಸ್‌ಬಾಕ್ಸ್ ಎಂಬ ಮುಕ್ತ ತಂತ್ರಾಂಶದೊಳಗೆ ಕೂರಿಸಿ ಕೊಡುತ್ತಾರೆ. ನಾವು ಯಾವ ಹೊಂದಾಣಿಕೆಯನ್ನೂ ಮಾಡಬೇಕಿಲ್ಲ. 2024ರ ನವೆಂಬರ್‌ನಲ್ಲಿ ನೂರು ಆಟಗಳೊಂದಿಗೆ ಸಂರಕ್ಷಣೆಯ ಯೋಜನೆಯೊಂದನ್ನು ಪ್ರಕಟಿಸಿ, ಆ ಪಟ್ಟಿಯಲ್ಲಿರುವ ಆಟಗಳು ಮುಂದಿನ ಕಂಪ್ಯೂಟರುಗಳಲ್ಲೂ ನಡೆಯುವಂತೆ ತಾವೇ ನೋಡಿಕೊಳ್ಳುವುದಾಗಿ ಮಾತು ಕೊಟ್ಟರು. ಆ ಮಾತಿಗೆ ಪರೀಕ್ಷೆ ತಡವಾಗಲಿಲ್ಲ. 1994 ಮತ್ತು 1995ರ ಮೊದಲ ಎರಡು ‘ವಾರ್‌ಕ್ರಾಫ್ಟ್’ ಆಟಗಳನ್ನು ಮಾರಾಟದಿಂದ ತೆಗೆಯಬೇಕೆಂದು ಹಕ್ಕುದಾರರಾದ ಬ್ಲಿಝಾರ್ಡ್ ತಿಳಿಸಿತು, ಡಿಸೆಂಬರ್ 13ಕ್ಕೆ ಅವು ಮಳಿಗೆಯಿಂದ ಹೋದವು. ಆದರೆ ಅಷ್ಟರೊಳಗೆ ಕೊಂಡಿದ್ದವರ ಕಪಾಟಿನಲ್ಲಿ ಅವು ಹಾಗೆಯೇ ಉಳಿದವು, ಮಾರಾಟವಿಲ್ಲದಿದ್ದರೂ ಅವುಗಳ ನಿರ್ವಹಣೆಯನ್ನು ಮುಂದುವರಿಸುವುದಾಗಿ ಗಾಗ್ ಹೇಳಿತು. 2019ರಲ್ಲಿ ಕೊಂಡಿದ್ದ ನನ್ನ ಪ್ರತಿಯನ್ನು ಕಳೆದ ತಿಂಗಳು ಹೊಸ ಲ್ಯಾಪ್‌ಟಾಪಿಗೆ ಹಾಕಿ ನೋಡಿದೆ. ಚೆನ್ನಾಗಿ ನಡೆಯುತ್ತದೆ.

ಇನ್ನು ದೋಷಗಳು. ಕನ್ನಡದ ಓದುಗರಿಗೆ ಮೊದಲು ತಟ್ಟುವುದು ಬೆಲೆ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ಅನೇಕ ಆಟಗಳಿಗೆ ಇಲ್ಲಿಯವರ ಸಂಪಾದನೆಗೆ ತಕ್ಕಂತೆ ಇಳಿಸಿದ ಬೆಲೆಯೂ ಇದೆ, ಯುಪಿಐ ಮೂಲಕ ಕಟ್ಟಬಹುದು. ಗಾಗ್‌ನಲ್ಲಿ ನಾನು ಕೊಂಡದ್ದೆಲ್ಲ ಡಾಲರ್ ಲೆಕ್ಕದಲ್ಲೇ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ತೆರೆದುಕೊಳ್ಳಬೇಕು, ವಿದೇಶಿ ಹಣದ ವಿನಿಮಯಕ್ಕೆಂದು ಬ್ಯಾಂಕು ಹಿಡಿಯುವ ಶುಲ್ಕವೂ ಅದರ ಮೇಲಿನ ಜಿಎಸ್‌ಟಿಯೂ ಸೇರುತ್ತವೆ. ಡೆಬಿಟ್ ಕಾರ್ಡ್ ಮಾತ್ರ ಇರುವ ಕಾಲೇಜು ಹುಡುಗನಿಗೆ ಇದು ಸಣ್ಣ ತಡೆಯಲ್ಲ. ಇಷ್ಟು ದೊಡ್ಡ ದೇಶದ ಗ್ರಾಹಕರನ್ನು ಒಂದು ಮಳಿಗೆ ಹೀಗೆ ಬಾಗಿಲಾಚೆ ನಿಲ್ಲಿಸುವುದು ಸರಿಯಲ್ಲ ಎಂದು ನನ್ನ ಗಟ್ಟಿಯಾದ ಅಭಿಪ್ರಾಯ. ರಿಯಾಯಿತಿಯ ದಿನಗಳಿಗೆ ಕಾದರೆ ಹೊರೆ ಹಗುರಾಗುತ್ತದೆ. ನನ್ನ ನಲವತ್ತಮೂರರಲ್ಲಿ ಪೂರ್ಣ ಬೆಲೆಗೆ ಕೊಂಡವು ಮೂರು ಮಾತ್ರ.

ಎರಡನೆಯದು, ಬೇಕಾದ ಆಟ ಸಿಗದಿರುವುದು. ದೊಡ್ಡ ಪ್ರಕಾಶಕರು ತಮ್ಮ ಹೊಸ ಆಟವನ್ನು ಬೀಗವಿಲ್ಲದೆ ಬಿಡಲು ಹೆದರುತ್ತಾರೆ, ಆದ್ದರಿಂದ ಅವು ಇಲ್ಲಿಗೆ ವರ್ಷಗಟ್ಟಲೆ ತಡವಾಗಿ ಬರುತ್ತವೆ ಅಥವಾ ಬರುವುದೇ ಇಲ್ಲ. ಗೆಳೆಯರೆಲ್ಲ ಆಡುತ್ತಿರುವ ಆಟವನ್ನು ಈ ವಾರವೇ ಆಡಬೇಕೆನ್ನುವವರಿಗೆ ಗಾಗ್ ಹೇಳಿ ಮಾಡಿಸಿದ ಜಾಗವಲ್ಲ. ಬಂದ ಆಟಗಳಿಗೂ ತಿದ್ದುಪಡಿಗಳು ಕೆಲವು ಸಲ ಬೇರೆ ಮಳಿಗೆಗಳಿಗಿಂತ ತಡವಾಗಿ ಸೇರುತ್ತವೆ. ಆಫ್‌ಲೈನ್ ಫೈಲು ಇಟ್ಟುಕೊಳ್ಳುವವರಿಗೆ ಇನ್ನೂ ಒಂದು ಕಷ್ಟವಿದೆ: ತಿದ್ದುಪಡಿ ಬಂದಾಗ ಬಹುಪಾಲು ಸಲ ಇಡೀ ಇನ್‌ಸ್ಟಾಲರನ್ನೇ ಹೊಸದಾಗಿ ಇಳಿಸಬೇಕು. ಐವತ್ತು ಜಿಬಿಯ ಆಟಕ್ಕೆ ಇದು ದಿನದ ಕೆಲಸ. ಕಪಾಟಿನಲ್ಲಿರುವ ಎಲ್ಲವನ್ನೂ ಒಟ್ಟಿಗೆ ಇಳಿಸುವ ಗುಂಡಿಯೂ ಪುಟದಲ್ಲಿಲ್ಲ, ಒಂದೊಂದನ್ನೇ ಒತ್ತಬೇಕು. ತನ್ನ ಇಡೀ ಹೆಸರನ್ನು ಈ ಫೈಲುಗಳ ಮೇಲೆಯೇ ಗಳಿಸಿರುವ ಮಳಿಗೆ ಅವನ್ನು ಇಳಿಸುವ ಕೆಲಸವನ್ನು ಇಷ್ಟು ಶ್ರಮದ್ದಾಗಿ ಬಿಟ್ಟಿರುವುದು ನನಗೆ ಬೇಸರ ತರುತ್ತದೆ.

ಮೂರನೆಯ ದೋಷ ನಡತೆಯದು, ಅದನ್ನು ಮುಚ್ಚಿಡಲಾರೆ. 2021ರ ಸೆಪ್ಟೆಂಬರ್‌ನಲ್ಲಿ ‘ಹಿಟ್‌ಮ್ಯಾನ್’ ಆಟವನ್ನು ಇಲ್ಲಿ ಮಾರಾಟಕ್ಕಿಟ್ಟರು. ಆಟದ ಹೊಸ ಆಯುಧಗಳು, ಹೊಸ ಜಾಗಗಳು ತೆರೆದುಕೊಳ್ಳಬೇಕಾದರೆ ಅದಕ್ಕೆ ಸರ್ವರಿನ ಸಂಪರ್ಕ ಬೇಕಿತ್ತು. ಬೀಗವಿಲ್ಲ ಎಂದು ನಂಬಿ ಬಂದ ಗ್ರಾಹಕರು ಸಿಟ್ಟಾಗಿ ಬರೆದರು, ಅಕ್ಟೋಬರ್‌ನಲ್ಲಿ ಗಾಗ್ ಅದನ್ನು ತೆಗೆಯಿತು. ಇದಕ್ಕಿಂತ ನೋವಾದದ್ದು 2020ರ ಡಿಸೆಂಬರ್‌ನ ಘಟನೆ. ತೈವಾನಿನ ರೆಡ್ ಕ್ಯಾಂಡಲ್ ಗೇಮ್ಸ್‌ನವರ ‘ಡಿವೋಷನ್’ ಆಟ ಚೀನಾದ ಅಧ್ಯಕ್ಷರ ಕುರಿತ ಒಂದು ಅಣಕದ ಕಾರಣಕ್ಕೆ ಬೇರೆಡೆ ಮಾರಾಟವಾಗದೆ ನಿಂತಿತ್ತು. ಅದು ಗಾಗ್‌ನಲ್ಲಿ ಮಾರಾಟಕ್ಕೆ ಬರುತ್ತದೆಂದು ಪ್ರಕಟವಾದ ಕೆಲವೇ ಗಂಟೆಗಳಲ್ಲಿ, ಆಟಗಾರರಿಂದ ಬಂದ ಸಂದೇಶಗಳ ಕಾರಣ ಮಾರುವುದಿಲ್ಲ ಎಂದು ಗಾಗ್ ಹಿಂದೆ ಸರಿಯಿತು. ಕಳೆದುಹೋಗುವ ಆಟಗಳನ್ನು ಉಳಿಸುವುದೇ ತನ್ನ ಕೆಲಸವೆನ್ನುವ ಮಳಿಗೆಗೆ ಆ ದಿನ ಎದೆಗಾರಿಕೆ ಬೇಕಿತ್ತು. ಕೊನೆಗೆ ಆಟ ಮಾಡಿದವರು 2021ರಲ್ಲಿ ತಮ್ಮದೇ ಪುಟದಲ್ಲಿ, ಬೀಗವಿಲ್ಲದ ಫೈಲಾಗಿ, ಅದನ್ನು ಮಾರಿದರು.

ಹಲವರು ಸೇರಿ ಇಂಟರ್ನೆಟ್ ಮೇಲೆ ಆಡುವ ಆಟಗಳಿಗೆ ಇಲ್ಲಿಯೂ ಸಾಮಾನ್ಯವಾಗಿ ಗ್ಯಾಲಕ್ಸಿ ಬೇಕಾಗುತ್ತದೆ. ಅಂಥ ಆಟ ನನಗೆ ಬೇಡವಾದ್ದರಿಂದ ಆ ಭಾಗದ ಬಗ್ಗೆ ಹೆಚ್ಚು ಹೇಳಲಾರೆ.

ಹಣ ಮರಳಿಸುವ ನಿಯಮ ಚೆನ್ನಾಗಿದೆ. ಸ್ಟೀಮ್‌ನಲ್ಲಿ ಕೊಂಡ ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಮಾತ್ರ ಹಣ ವಾಪಸು ಕೇಳಬಹುದು. ಗಾಗ್‌ನಲ್ಲಿ 2020ರಿಂದ ಮೂವತ್ತು ದಿನಗಳ ಅವಕಾಶವಿದೆ, ಇಳಿಸಿ ಆಡಿದ್ದರೂ ಸರಿ. ಫೈಲು ನಮ್ಮಲ್ಲೇ ಉಳಿಯುತ್ತದೆಂದು ಗೊತ್ತಿದ್ದೂ ಹಣ ಮರಳಿಸುತ್ತಾರೆ ಎಂದರೆ ಅವರು ಗ್ರಾಹಕರ ಮರ್ಯಾದೆಯನ್ನು ನಂಬುತ್ತಾರೆ ಎಂದರ್ಥ. ಒಮ್ಮೆ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಆಟ ನಡೆಯದೆ ಹೋದಾಗ ಕೇಳಿದೆ. ನಾಲ್ಕನೆಯ ದಿನ ಹಣ ಬಂತು, ನಾನು ಆ ಫೈಲನ್ನು ಅಳಿಸಿದೆ. ಬೇರೆ ಆಟಗಳನ್ನು ನಾನು ಸ್ಟೀಮ್‌ನಲ್ಲಿ ಈಗಲೂ ಕೊಳ್ಳುತ್ತೇನೆ. ಅದರ ಆಫ್‌ಲೈನ್ ಏರ್ಪಾಡು ಬಹಳ ದಿನ ಕೆಲಸ ಮಾಡುತ್ತದೆ, ಬೆಲೆಯೂ ಕಡಿಮೆ, ಮಾರಾಟ ನಿಂತ ಆಟಗಳನ್ನೂ ಕೊಂಡವರು ಸಾಮಾನ್ಯವಾಗಿ ಮತ್ತೆ ಇಳಿಸಿಕೊಳ್ಳಬಹುದು. ಆದರೆ ಮತ್ತೆ ಮತ್ತೆ ಆಡುತ್ತೇನೆ, ಮನೆಯ ಮಕ್ಕಳಿಗೂ ಉಳಿಸುತ್ತೇನೆ ಎಂದು ಗೊತ್ತಿರುವ ಆಟವನ್ನು ಹೆಚ್ಚು ಹಣವಾದರೂ ಗಾಗ್‌ನಲ್ಲೇ ಕೊಳ್ಳುತ್ತೇನೆ.

2025ರ ಡಿಸೆಂಬರ್ ಕೊನೆಯಲ್ಲಿ ಸಿಡಿ ಪ್ರಾಜೆಕ್ಟ್ ಈ ಮಳಿಗೆಯನ್ನು ತನ್ನ ಸ್ಥಾಪಕರಲ್ಲೊಬ್ಬರಾದ ಕಿಚಿನ್ಸ್ಕಿಯವರಿಗೆ ಮಾರಿತು. ಬೀಗವಿಲ್ಲದ ಆಟಗಳ ನಿಯಮ ಬದಲಾಗದು ಎಂದಿದ್ದಾರೆ, ಅವರ ಮಾತನ್ನು ನಂಬುತ್ತೇನೆ. ಆದರೂ ಹೊಸದಾಗಿ ಕೊಳ್ಳುವವರಿಗೆ ನನ್ನ ಒತ್ತಾಯದ ಮಾತು ಒಂದೇ: ಕೊಂಡ ದಿನವೇ ಫೈಲು ಇಳಿಸಿಕೊಳ್ಳಿ. 2010ರ ಸೆಪ್ಟೆಂಬರ್‌ನಲ್ಲಿ ಗಾಗ್ ತನ್ನ ಹೊಸ ಪುಟದ ಪ್ರಚಾರಕ್ಕೆಂದು ಮಳಿಗೆ ಮುಚ್ಚಿದಂತೆ ತೋರಿಸಿ ಕೆಲವು ದಿನ ಗ್ರಾಹಕರನ್ನು ಗಾಬರಿಗೊಳಿಸಿತ್ತು, ಆಮೇಲೆ ಕ್ಷಮೆ ಕೇಳಿತು. ಕಪಾಟಿನಲ್ಲಿ ಬಿಟ್ಟಿದ್ದವರು ಆ ದಿನಗಳಲ್ಲಿ ಕಂಗಾಲಾದರು, ಇಳಿಸಿಕೊಂಡಿದ್ದವರಿಗೆ ಏನೂ ಆಗಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ಇಳಿಸಿದ ಆರು ಆಟಗಳಲ್ಲಿ ನಾಲ್ಕನ್ನು ಇನ್‌ಸ್ಟಾಲ್ ಮಾಡಿ ಪರೀಕ್ಷಿಸಿದ್ದೇನೆ, ಎರಡು ಬಾಕಿ ಇವೆ. ಡಿಸ್ಕನ್ನು ಸಿಲಿಕಾ ಪೊಟ್ಟಣಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹಪ್ಪಳದ ಡಬ್ಬಿಯ ಪಕ್ಕ ಇಟ್ಟಾಗಿದೆ. ಮನೆಯಲ್ಲಿ ಮಳೆಗಾಲದುದ್ದಕ್ಕೂ ಬೆಚ್ಚಗಿರುವ ಜಾಗ ಅದೊಂದೇ.